ಹಿಂದಿನ ಗೇಟಿನ ಕೀಲಿ

ಎರಡು ವರ್ಷದ ಹಿಂದೆ ನಮ್ಮ ಸೊಸೈಟಿಯ ವಾರ್ಷಿಕ ಸಭೆಯಲ್ಲಿ, ಹಿಂದಿನ ಗೇಟನ್ನು ಕಾಯಮ್ಮಾಗಿ ಮುಚ್ಚಬೇಕು ಎಂಬ ಠರಾವು ಬಂತು. ಪರವಾಗಿ 41 ಮತ, ವಿರುದ್ಧ 6. ಆ 41ರಲ್ಲಿ ನನ್ನದೂ ಒಂದು. ಠರಾವಿನ ಇಂಗ್ಲಿಷ್ ಒಕ್ಕಣೆ ಬರೆದುಕೊಟ್ಟವನೂ ನಾನೇ. ಕಮಿಟಿಯಲ್ಲಿ ಪ್ರಾಜೆಕ್ಟ್ ಮ್ಯಾನೇಜರ್ ಒಬ್ಬನಿದ್ದರೆ ಬರೆಯುವ ಕೆಲಸ ಅವನ ತಲೆಗೇ ಬರುತ್ತದೆ. 'ನಿವಾಸಿಗಳ ಭದ್ರತೆಯ ದೃಷ್ಟಿಯಿಂದ' ಎಂದು ಶುರುಮಾಡಿದ್ದೆ. ಅಸಲಿಗೆ ನಡೆದದ್ದು ಇಷ್ಟೇ: ಡಿ ವಿಂಗ್‌ನ ಹುಡುಗನೊಬ್ಬನ ಗೇರ್ ಸೈಕಲ್ ಕಾಣೆಯಾಗಿತ್ತು. ಮೂರು ವಾರದ ಮೇಲೆ ಅದು ಬಿ ವಿಂಗ್‌ನ ಬೇಸ್‌ಮೆಂಟಿನಲ್ಲಿ, ಯಾರದೋ ಹಳೆಯ ಸೋಫಾದ ಹಿಂದೆ ಸಿಕ್ಕಿತು. ಗೇಟಿಗೆ ಹಾಕಿದ ಬೀಗವನ್ನು ಮಾತ್ರ ಯಾರೂ ತೆಗೆಯಲಿಲ್ಲ.

ಆ ಗೇಟಿನಾಚೆ ಇರುವುದು ರಾಮನದಿಗೆ ಹೋಗಿ ಸೇರುವ ಒಂದು ನಾಲಾ. ಅದರ ದಂಡೆಯ ಮೇಲೆ ಯಾರೂ ನಕ್ಷೆ ಬರೆಯದ, ಯಾರೂ ಟೆಂಡರ್ ಕರೆಯದ ಒಂದು ಕಾಲುದಾರಿ. ಜನ ನಡೆದು ನಡೆದು ತಾನಾಗಿ ಆದದ್ದು. ಎಡಕ್ಕೆ ತಿರುಗಿದರೆ ಆರು ನಿಮಿಷಕ್ಕೆ ಬಸ್ ಸ್ಟಾಪು, ಅದರ ಪಕ್ಕದಲ್ಲೇ ನನ್ನ ಮಗನ ಶಾಲೆ. ಬಲಕ್ಕೆ ಹೋದರೆ ಪಾಷಾಣ್ ಕೆರೆಯ ದಿಕ್ಕು, ಅಲ್ಲಿಂದ ಟೇಕಡಿಯ ಬುಡ. ಈಗ ಅದೇ ಬಸ್ ಸ್ಟಾಪಿಗೆ ಮುಂದಿನ ಗೇಟಿನಿಂದ ಸುತ್ತಿ ಹೋದರೆ 1.7 ಕಿ.ಮೀ. ಆ ದೂರದಲ್ಲಿ ಫುಟ್‌ಪಾತು ಮೂರು ತುಂಡು ಇದೆ. ಮೊದಲನೆಯದರ ಮೇಲೆ ಟ್ರಾನ್ಸ್‌ಫಾರ್ಮರ್ ಕೂತಿದೆ. ಎರಡನೆಯದರ ಮೇಲೆ ಮೊಬೈಲ್ ಅಂಗಡಿಯ ಮೆಟ್ಟಿಲು. ಮೂರನೆಯದು ಚೆನ್ನಾಗಿದೆ, ಹಾಗಾಗಿ ಅದರ ಮೇಲೆ ಸ್ಕೂಟರುಗಳು ಓಡುತ್ತವೆ.

ನಮ್ಮ ಮನೆಗೆ ರೊಟ್ಟಿ ಬಡಿಯಲು ಬರುತ್ತಿದ್ದ ಅಕ್ಕ ಇಂಡಿ ತಾಲ್ಲೂಕಿನವರು. ಬೀಗ ಬಿದ್ದ ಮರುದಿನ ಬೆಳಿಗ್ಗೆ ತಡವಾಗಿ, ಬೆವರು ಒರೆಸಿಕೊಳ್ಳುತ್ತ ಬಂದರು. "ಹಿಂದಿನ ಗೇಟಿಗೆ ಕೀಲಿ ಹಾಕ್ಯಾರ್ರೀ ಅಣ್ಣಾರ. ಸುತ್ತ ಹಾಕಿ ಬರೂದ್ರಾಗ ಅರ್ಧಾ ತಾಸು ಹೋಗ್ತದ. ಗಾಡಿ ಮೈಮ್ಯಾಲೇ ಬರ್ತಾವ್ರೀ." ಕಮಿಟಿಯವರ ಜೊತೆ ಮಾತಾಡ್ತೀನಿ ಅಂದೆ. ಕಮಿಟಿ ಅಂದರೆ ನಾನೇ ಎಂದು ಹೇಳಲು ಬಾಯಿ ಬರಲಿಲ್ಲ. ಒಂದು ತಿಂಗಳಲ್ಲಿ ಅವರು ಬೇರೆ ಕಡೆ ಕೆಲಸ ಹಿಡಿದರು.

ಇದನ್ನು ಮನೆಗೆಲಸದವರ ಮೇಲಿನ ಕನಿಕರದ ಕಥೆ ಎಂದು ಓದಿ ಮುಂದೆ ಹೋಗಬೇಡಿ. ನಾನು ಜಗಳ ತೆಗೆಯಲು ಬರೆಯುತ್ತಿದ್ದೇನೆ. ಪಾಲಿಕೆಯ ಜೊತೆ ಸ್ವಲ್ಪ, ನಮ್ಮ ನಿಮ್ಮ ಜೊತೆ ಹೆಚ್ಚು.

ಹದಿನೆಂಟು ವರ್ಷ ಸಾಫ್ಟ್‌ವೇರ್ ಪ್ರಾಜೆಕ್ಟ್ ನಡೆಸಿದವನಿಗೆ ಒಂದು ಕಾಯಿಲೆಯ ಪರಿಚಯ ಚೆನ್ನಾಗಿರುತ್ತದೆ. ಹತ್ತು ತಂಡ ಹತ್ತು ಮಾಡ್ಯೂಲ್ ಬರೆಯುತ್ತವೆ. ಪ್ರತಿಯೊಂದರ ಟೆಸ್ಟೂ ಪಾಸ್. ಸ್ಟೇಟಸ್ ಶೀಟು ತುಂಬ ಹಸಿರು ಬಣ್ಣ. ಜೋಡಿಸುವ ದಿನ ಬಂದಾಗ ಒಂದರ ಮಾತು ಇನ್ನೊಂದಕ್ಕೆ ತಿಳಿಯುವುದಿಲ್ಲ. ಗಿರಾಕಿಗೆ ಸಿಗುವುದು ಸೊನ್ನೆ, ಆದರೆ ಬಿಲ್ಲು ಹತ್ತು ಮಾಡ್ಯೂಲಿನದು. ಪುಣೆಯ ನಡಿಗೆ ಮತ್ತು ಸೈಕಲ್ ದಾರಿಗಳಿಗೆ ಬಂದಿರುವ ಕಾಯಿಲೆ ಇದೇ. ಈ ಊರಿನಲ್ಲಿ ದಾರಿಗಳಿಲ್ಲ ಎನ್ನುವುದು ಸುಳ್ಳು. ದಾರಿಯ ತುಂಡುಗಳು ಬೇಕಾದಷ್ಟಿವೆ.

2006ರ ನಂತರ ಬಿಆರ್‌ಟಿ ಹೆಸರಿನಲ್ಲಿ ಸಾತಾರಾ ರಸ್ತೆ, ಸೋಲಾಪುರ ರಸ್ತೆಗಳ ಬದಿಗೆ ಸೈಕಲ್ ಟ್ರ್ಯಾಕ್ ಬಂದವು. ಈಗ ಹೋಗಿ ನೋಡಿ. ಟ್ರ್ಯಾಕು ಶುರುವಾಗುತ್ತದೆ, ಮರ ಅಡ್ಡ ಬರುತ್ತದೆ, ಬಸ್ ಸ್ಟಾಪು ಅಡ್ಡ ಬರುತ್ತದೆ, ಕೊನೆಗೆ ನಿಮ್ಮನ್ನು ನಡುರಸ್ತೆಗೆ ಇಳಿಸಿ ತಾನು ಮಾಯವಾಗುತ್ತದೆ. 2016ರಲ್ಲಿ ಪಾಲಿಕೆ ಪಾದಚಾರಿ ನೀತಿಯನ್ನು ಒಪ್ಪಿತು. 2017ರ ಡಿಸೆಂಬರ್‌ನಲ್ಲಿ ಸೈಕಲ್ ಯೋಜನೆಯನ್ನು ಒಪ್ಪಿತು, 800 ಕಿ.ಮೀ.ಗೂ ಮೀರಿದ ಜಾಲದ ನಕ್ಷೆ ಅದರಲ್ಲಿದೆ. 2021ರಿಂದ ಡಿಸೆಂಬರ್ 11ರಂದು ಲಕ್ಷ್ಮಿ ರಸ್ತೆಯಲ್ಲಿ ವಾಹನ ನಿಲ್ಲಿಸಿ ಪಾದಚಾರಿ ದಿನ ಆಚರಿಸುತ್ತಾರೆ. ಜಂಗಲಿ ಮಹಾರಾಜ್ ರಸ್ತೆಯ ಅಗಲವಾದ ಫುಟ್‌ಪಾತು ನಿಜವಾಗಿಯೂ ಚೆಂದ, ಕೂರಲು ಕಟ್ಟೆ, ಮಕ್ಕಳಿಗೆ ಆಟ, ಎಲ್ಲ ಇದೆ. ಅದರ ಮೇಲೆ ನಡೆಯಲು ಜನ ಕಾರು ಹತ್ತಿ ಬರುತ್ತಾರೆ. ನಾವೂ ಹಾಗೇ ಹೋಗಿ ಬಂದೆವು, ಪಾರ್ಕಿಂಗ್ ಹುಡುಕಲು ಇಪ್ಪತ್ತು ನಿಮಿಷ.

ಜೋಡಣೆಯಿಲ್ಲದ ಕಾಮಗಾರಿಗೆ ನಮ್ಮ ಕಡೆಯದೇ ಒಂದು ಉದಾಹರಣೆ ಇದೆ. ಹಿಂಜವಡಿಗೆ ಹೋಗುವ ಯಾವ ಕನ್ನಡಿಗನಿಗೂ ಬಾಲೇವಾಡಿ–ವಾಕಡ್ ಸೇತುವೆಯ ಕಥೆ ಹೇಳಬೇಕಿಲ್ಲ. ಮುಳಾ ನದಿಯ ಮೇಲೆ ಸೇತುವೆ ಕಟ್ಟಿ ಮುಗಿಸಿದರು. ಆಚೆ ದಡ ಪಿಂಪ್ರಿ–ಚಿಂಚ್‌ವಡ್ ಪಾಲಿಕೆಯದು, ಅಲ್ಲಿ ಕೂಡುರಸ್ತೆಗೆ ಜಾಗ ಸಿಗಲಿಲ್ಲ. ವರ್ಷಗಟ್ಟಲೆ ಸೇತುವೆ ನೀರಿನ ಮೇಲೆ ಸುಮ್ಮನೆ ನಿಂತಿತ್ತು. ಕಾರಿನವರ ಸೇತುವೆಗೆ ಹೀಗಾದರೆ ಪತ್ರಿಕೆಯಲ್ಲಿ ಫೋಟೋ ಬರುತ್ತದೆ. ನಡೆಯುವವರ ದಾರಿಯಲ್ಲಿ ಇಂಥ ಸೇತುವೆಗಳು ಹೆಜ್ಜೆಗೊಂದು, ಫೋಟೋ ತೆಗೆಯುವವರಿಲ್ಲ.

"ಪುಣೆಯ ಜನಕ್ಕೆ ಸೈಕಲ್ ಬೇಡವಾಗಿದೆ" ಎನ್ನುವವರು ಬಾಡಿಗೆ ಸೈಕಲ್‌ನ ಸೋಲನ್ನು ಎತ್ತಿ ತೋರಿಸುತ್ತಾರೆ. 2017ರ ಕೊನೆಗೆ ವಿಶ್ವವಿದ್ಯಾಲಯದ ಆವರಣದಲ್ಲಿ ಶುರುವಾಗಿ, 2018ರಲ್ಲಿ ಊರೆಲ್ಲ ಹಳದಿ, ಕಿತ್ತಳೆ ಸೈಕಲ್‌ಗಳಾದವು. ಕೆಲವೇ ವರ್ಷದಲ್ಲಿ ಒಂದೊಂದಾಗಿ ಕಂಪನಿಗಳು ಗಂಟುಮೂಟೆ ಕಟ್ಟಿದವು. ಕೆಲವರು ಸೈಕಲ್ ಒಡೆದರು, ಕೆಲವರು ಮನೆಗೇ ಒಯ್ದರು, ಅದು ನಿಜ. ಆದರೆ ನಾನು ಕಣ್ಣಾರೆ ಕಂಡದ್ದು ಇನ್ನೊಂದಿದೆ. ಸುಮಾರು 400 ಎಕರೆಯ ಆ ಆವರಣದೊಳಗೆ ಹುಡುಗ ಹುಡುಗಿಯರು ಹಾಸ್ಟೆಲಿನಿಂದ ಲೈಬ್ರರಿಗೆ, ಲೈಬ್ರರಿಯಿಂದ ಕ್ಯಾಂಟೀನಿಗೆ ಆರಾಮಾಗಿ ಸೈಕಲ್ ಹೊಡೆಯುತ್ತಿದ್ದರು. ಒಳಗೆ ದಾರಿ ದಾರಿಗೆ ಸೇರುತ್ತದೆ, ಗಾಡಿಗಳ ಹಾವಳಿ ಕಡಿಮೆ. ಗೇಟು ದಾಟಿ ಗಣೇಶಖಿಂಡ್ ರಸ್ತೆಗೆ ಬಿದ್ದ ಕೂಡಲೇ ಅದೇ ಸೈಕಲ್, ಅದೇ ಹುಡುಗಿ, ಅದೇ ಕಾಲು, ಆದರೆ ಜೀವಭಯ. ಸೈಕಲ್ ಹಂಚಿದರು, ದಾರಿ ಕೊಡಲಿಲ್ಲ. ಬೆಂಗಳೂರಿನಲ್ಲೂ 2020ರಲ್ಲಿ ಔಟರ್ ರಿಂಗ್ ರೋಡಿನಲ್ಲಿ ಪ್ಲಾಸ್ಟಿಕ್ ಗೂಟ ನೆಟ್ಟು ಸೈಕಲ್ ಪಥ ಮಾಡಿದ್ದರಲ್ಲ, ಮೆಟ್ರೋ ಕೆಲಸ ಬಂದಾಗ ಮೊದಲು ಕಿತ್ತುಹೋದದ್ದು ಅದೇ ಗೂಟಗಳು.

ನಾನು ಸಿಂಗಪುರದಲ್ಲಿ ಎಂಟು ತಿಂಗಳು ಆನ್‌ಸೈಟ್ ಇದ್ದೆ. "ಸಿಂಗಪುರದಲ್ಲಿ ಹೀಗಿದೆ" ಎಂದು ಶುರುಮಾಡುವವರನ್ನು ಕಂಡರೆ ನನಗೂ ಮೈ ಉರಿಯುತ್ತದೆ, ಆದರೂ ಇದೊಂದನ್ನು ಹೇಳಲೇಬೇಕು. ಅಲ್ಲಿಯ ಪಾರ್ಕ್ ಕನೆಕ್ಟರ್ ಜಾಲ 300 ಕಿ.ಮೀ. ದಾಟಿದೆ. 1990ರ ದಶಕದಲ್ಲಿ ಶುರುಮಾಡಿದಾಗ ಅವರ ಹತ್ತಿರ ಹೊಸ ಜಾಗವೇನೂ ಇರಲಿಲ್ಲ. ಉದ್ಯಾನಗಳು ಆಗಲೇ ಇದ್ದವು. ಮಳೆನೀರಿನ ಕಾಲುವೆಗಳ ಬದಿಗೆ ನಿರ್ವಹಣೆಗೆಂದು ಬಿಟ್ಟ ಪಟ್ಟಿ ಇತ್ತು. ಆ ಪಟ್ಟಿಯನ್ನು ದಾರಿ ಮಾಡಿ ಉದ್ಯಾನದಿಂದ ಉದ್ಯಾನಕ್ಕೆ ಸೇರಿಸಿದರು. ದೊಡ್ಡ ರಸ್ತೆ ಅಡ್ಡ ಬಂದಲ್ಲಿ ಸೇತುವೆಯ ಕೆಳಗೆ ತಗ್ಗಾದ ಹಾದಿ. ನಾನು ಕಲ್ಲಾಂಗ್ ನದಿಯ ಬದಿಗೆ ಸಂಜೆ ನಡೆಯುತ್ತಿದ್ದೆ. ಮಾರುಕಟ್ಟೆಯ ಚೀಲ ನೇತುಹಾಕಿಕೊಂಡ ಅಜ್ಜಿಯರು, ಶಾಲೆಯಿಂದ ಬರುವ ಮಕ್ಕಳು, ಪಾಳಿ ಮುಗಿಸಿದ ತಮಿಳು ಕೂಲಿಕಾರರು, ಲ್ಯಾಪ್‌ಟಾಪ್ ಬ್ಯಾಗಿನ ನಾನು. ಯಾರೂ 'ವಾಕಿಂಗ್'ಗೆ ಬಂದವರಂತೆ ಕಾಣುತ್ತಿರಲಿಲ್ಲ, ಎಲ್ಲಿಗೋ ಹೊರಟವರಂತೆ ಇದ್ದರು. ಅದೇ ನದಿಯನ್ನು ಬಿಶಾನ್ ಉದ್ಯಾನದ ಹತ್ತಿರ ಕಾಂಕ್ರೀಟ್ ಕಾಲುವೆಯೊಳಗೆ ಕೂಡಿಹಾಕಿದ್ದರು; 2012ರ ಹೊತ್ತಿಗೆ ಕಾಂಕ್ರೀಟ್ ಒಡೆದು ಮತ್ತೆ ಅಂಕುಡೊಂಕಾಗಿ ಹರಿಯಲು ಬಿಟ್ಟರು.

ಪುಣೆಗೆ ಯಾವುದು ಕಡಿಮೆಯಾಗಿದೆ ಹೇಳಿ. ರಾಮನದಿ, ಆಂಬಿಲ್ ಓಢಾ, ನಾಗಝರಿ, ಭೈರೋಬಾ ನಾಲಾ. ಖಡಕ್‌ವಾಸ್ಲಾದಿಂದ ಪರ್ವತಿಯ ಬುಡದಲ್ಲಿ ಹಾದು ಹಡಪ್ಸರ್ ಕಡೆಗೆ ಹೋಗುವ ಮುಠಾ ಬಲದಂಡೆ ಕಾಲುವೆ. ವೇತಾಳ್ ಟೇಕಡಿ, ತಳ್ಜಾಯಿ, ಬಾಣೇರ್–ಪಾಷಾಣ್ ಟೇಕಡಿ. ಊರಿನ ಮೈಯಲ್ಲಿ ನರಗಳ ಹಾಗೆ ಹರಡಿರುವ ಇವುಗಳ ಅಂಚಿನಲ್ಲಿ ಜನ ಆಗಲೇ ನಡೆಯುತ್ತಿದ್ದಾರೆ. ಬೇಕಾಗಿರುವುದು ಅಲ್ಲಲ್ಲಿ ಹರಿದುಹೋದ ಕಡೆ ಹೊಲಿಗೆ: ಇಲ್ಲೊಂದು ಕಾಲುಸೇತುವೆ, ಅಲ್ಲೊಂದು ಸಿಗ್ನಲ್, ಮತ್ತೊಂದು ಕಡೆ ಯಾರೋ ಕಟ್ಟಿದ ಗೋಡೆಯಲ್ಲಿ ಒಂದು ಬಾಗಿಲು.

ಹೊಲಿಯುವ ಬದಲು ನಾವು ಮಾಡುತ್ತಿರುವುದೇನು? ವೇತಾಳ್ ಟೇಕಡಿಯಲ್ಲಿ ದಿನಾ ಬೆಳಿಗ್ಗೆ ಸಾವಿರಾರು ಜನ ನಡೆಯುತ್ತಾರೆ. ಅದನ್ನು ಸೀಳಿ ಬಾಲಭಾರತಿಯಿಂದ ಪೌಡ್ ಫಾಟಾಕ್ಕೆ ಎರಡು ಕಿ.ಮೀ. ಚಿಲ್ಲರೆ ರಸ್ತೆ ಮಾಡುವ ಯೋಜನೆ. 2023ರ ಏಪ್ರಿಲ್‌ನಲ್ಲಿ ಜನ ಬೀದಿಗಿಳಿದರು. ನದಿಯ ಕಡೆ ಬಂದರೆ, 2022ರ ಮಾರ್ಚ್‌ನಲ್ಲಿ ಶಂಕುಸ್ಥಾಪನೆಯಾದ ನದಿದಂಡೆ ಅಭಿವೃದ್ಧಿ ಯೋಜನೆ 44 ಕಿ.ಮೀ. ಉದ್ದದ್ದು, ದಡದುದ್ದಕ್ಕೂ ನಡೆಯುವ, ಸೈಕಲ್ ಹೊಡೆಯುವ ದಾರಿ ಕೊಡುತ್ತೇವೆ ಎನ್ನುತ್ತದೆ. ನನ್ನಂಥವನು ಕುಣಿಯಬೇಕಿತ್ತು. ಕುಣಿಯಲಾಗುತ್ತಿಲ್ಲ. ದಾರಿಗಾಗಿ ನದಿಯನ್ನು ಕಟ್ಟೆಗಳ ನಡುವೆ ಹಿಂಡಿ, ದಡದ ಹಳೆಯ ಮರಗಳನ್ನು ತೆಗೆಯುವ ಕೆಲಸಕ್ಕೆ ದಾರಿಯ ಹೆಸರು ಬಳಸಬಾರದು. ಅಲ್ಲದೆ ಮನೆಯಿಂದ ಆ ದಡಕ್ಕೆ ಹೋಗುವುದು ಹೇಗೆ? ಮತ್ತೆ ಕಾರು, ಮತ್ತೆ ಪಾರ್ಕಿಂಗ್.

ದಾರಿ ಸೇರಿದರೆ ಆಗುವ ಲಾಭದ ಪಟ್ಟಿಯಲ್ಲಿ ಆರೋಗ್ಯ, ಪೆಟ್ರೋಲ್, ಶುದ್ಧ ಗಾಳಿ ಎಲ್ಲ ನಿಮಗೆ ಗೊತ್ತಿರುವುದೇ. ಆಫೀಸಿನ ವೆಲ್‌ನೆಸ್ ಮೇಲ್‌ಗಳಲ್ಲಿ ಬರುತ್ತದೆ. ಅದರಲ್ಲಿ ಬರದ ಎರಡು ಮೂರನ್ನು ಹೇಳುತ್ತೇನೆ.

ನಾಲಾವನ್ನು ಕಾಯುವವರು ನಡೆಯುವವರು. 2019ರ ಸೆಪ್ಟೆಂಬರ್ 25ರ ರಾತ್ರಿ ಆಂಬಿಲ್ ಓಢಾ ಉಕ್ಕಿದಾಗ ಪುಣೆಯಲ್ಲಿದ್ದವರಿಗೆ ನೆನಪಿರಬೇಕು. ಆ ಮಳೆಗೆ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು, ಕಾರುಗಳು ಒಂದರ ಮೇಲೊಂದು ಬಿದ್ದಿದ್ದವು. ಹೊಳೆ ಹಳ್ಳಗಳ ಪಾತ್ರ ಒಂದೇ ದಿನದಲ್ಲಿ ಕಿರಿದಾಗುವುದಿಲ್ಲ. ಇವತ್ತು ಒಂದು ಟ್ರ್ಯಾಕ್ಟರ್ ಕಟ್ಟಡದ ಕಸ, ನಾಳೆ ಒಂದು ಗೋಡೆ, ನಾಡಿದ್ದು ಒಂದು ಶೆಡ್ಡು. ದಿನಾ ಅಲ್ಲಿ ಹಾದುಹೋಗುವವರಿದ್ದರೆ ಮೊದಲ ಟ್ರ್ಯಾಕ್ಟರ್ ಬಂದಾಗಲೇ ಯಾರಾದರೂ ಕೂಗುತ್ತಾರೆ. ನಮ್ಮ ಗೇಟು ಮುಚ್ಚಿದ ಮೇಲೆ ಹಿಂದಿನ ನಾಲಾಕ್ಕೆ ಎಷ್ಟು ಮಣ್ಣು ಬಿದ್ದಿದೆ ಎಂಬುದು ನನಗೆ ಗೊತ್ತಾದದ್ದು ಒಂಬತ್ತನೇ ಮಹಡಿಯ ಗೆಳೆಯನ ಬಾಲ್ಕನಿಯಿಂದ.

ಎರಡನೆಯದು ಮಕ್ಕಳು. ನಾನು ಹುಬ್ಬಳ್ಳಿಯ ವಿದ್ಯಾನಗರದವನು. ಹತ್ತನೇ ವಯಸ್ಸಿಗೆ ಗಂಟೆಗೊಂದು ರೂಪಾಯಿ ಬಾಡಿಗೆಯ ಸೈಕಲ್ ತೆಗೆದುಕೊಂಡು ಉಣಕಲ್ ಕೆರೆಗೆ ಹೋಗಿ ಬರುತ್ತಿದ್ದೆ. ಸೀಟಿನ ಮೇಲೆ ಕಾಲು ಎಟುಕುತ್ತಿರಲಿಲ್ಲ, ಕತ್ರಿ ಹೊಡೆದುಕೊಂಡು. ಎಲ್ಲಿಗೆ ಹೋಗಿದ್ದೆ ಎಂದು ಅವ್ವ ಕೇಳುತ್ತಿದ್ದುದು ಊಟದ ಹೊತ್ತಿಗೆ ಬರದಿದ್ದರೆ ಮಾತ್ರ. ನನ್ನ ಮಗನಿಗೆ ಈಗ ಹದಿಮೂರು. ಕಾಲುದಾರಿ ಇದ್ದಾಗ ಶಾಲೆಗೆ ಸೈಕಲ್ಲಿನಲ್ಲಿ ತಾನೇ ಹೋಗುತ್ತಿದ್ದ. ಈಗ ವ್ಯಾನು ಬರುತ್ತದೆ, ತಿಂಗಳಿಗೆ 2,200 ರೂಪಾಯಿ. ಎರಡು ವರ್ಷದಲ್ಲಿ ಅವನು ಈ ಊರಿನ ಒಂದು ಬೀದಿಯನ್ನೂ ಒಬ್ಬನೇ ದಾಟಿಲ್ಲ. ಅವನ ಸೈಕಲ್ ಬೇಸ್‌ಮೆಂಟಿನಲ್ಲಿದೆ, ಕಳುವಾಗುವ ಭಯ ಇಲ್ಲವೇ ಇಲ್ಲ.

ಮೂರನೆಯದು ಈ ಪತ್ರಿಕೆಯ ಓದುಗರಿಗೇ ಸಂಬಂಧಿಸಿದ್ದು. ನಾಲಾದ ಆಚೆ ದಡದಲ್ಲಿ ಹೊಸ ಟವರ್ ಏಳುತ್ತಿದೆ. ಅದರ ಕೆಳಗೆ ತಗಡಿನ ಶೆಡ್ಡುಗಳು. ಅಲ್ಲಿರುವವರು ಹೆಚ್ಚಿನವರು ಅಫಜಲಪುರ, ಯಾದಗಿರಿ, ಇಂಡಿ ಕಡೆಯವರು. ಸಂಜೆ ಕಾಲುದಾರಿಯಲ್ಲಿ ನಡೆದರೆ ಕನ್ನಡ ಕಿವಿಗೆ ಬೀಳುತ್ತಿತ್ತು. ಯಾರೋ ಮಗುವನ್ನು ಗದರಿಸುವುದು, ಯಾರೋ ಫೋನಿನಲ್ಲಿ ಊರಿನ ಮಳೆ ವಿಚಾರಿಸುವುದು. ನನ್ನ ತಂದೆ ನಮ್ಮಲ್ಲಿಗೆ ಬಂದಿದ್ದಾಗ ಅಲ್ಲಿಯ ಹಿರಿಯರೊಬ್ಬರ ಜೊತೆ ದಿನಾ ಒಂದು ಗಂಟೆ ತೊಗರಿ ಧಾರಣೆ ಮಾತಾಡುತ್ತ ಕೂರುತ್ತಿದ್ದರು. ಗೇಟು ಮುಚ್ಚಿದ ಮೇಲೆ ಬಂದಾಗ ಹನ್ನೊಂದು ದಿನ ಟಿ.ವಿ. ನೋಡಿ ಹುಬ್ಬಳ್ಳಿಗೆ ವಾಪಸು ಹೋದರು. ನಾವು ರಾಜ್ಯೋತ್ಸವಕ್ಕೆಂದು ಹತ್ತು ಕಿ.ಮೀ. ಕಾರಿನಲ್ಲಿ ಎರಂಡವಣೆಗೆ ಹೋಗಿ, ಕನ್ನಡ ಸಂಘದಲ್ಲಿ ಹಾಡು ಕೇಳಿ, ಹೊರನಾಡಿನಲ್ಲಿ ಕನ್ನಡ ಉಳಿಯಬೇಕು ಎಂಬ ಭಾಷಣಕ್ಕೆ ಚಪ್ಪಾಳೆ ತಟ್ಟಿ ಬರುತ್ತೇವೆ. ಇನ್ನೂರು ಮೀಟರ್ ದೂರದ ಕನ್ನಡಕ್ಕೆ ಬೀಗ ಜಡಿದಿದ್ದೇವೆ. ಪುಣೆಯ ಈ ಎರಡು ಕನ್ನಡಗಳು ಮುಖಾಮುಖಿಯಾಗಲು ಇದ್ದ ಜಾಗ ಅದೊಂದೇ. ಆಫೀಸಿನಲ್ಲಿ ಅವರಿಲ್ಲ, ಕಟ್ಟಡದ ಕೆಲಸದಲ್ಲಿ ನಾವಿಲ್ಲ.

ಆಕ್ಷೇಪಗಳು ನನಗೆ ಬಾಯಿಪಾಠ. ಪುಣೆಯ ಮಳೆಯಲ್ಲಿ ಯಾರು ನಡೆಯುತ್ತಾರೆ? ಕೊಡೆ ಹಿಡಿದು ಈಗಲೂ ಎಷ್ಟು ಜನ ನಡೆಯುತ್ತಿದ್ದಾರೆಂದು ಕಾರಿನ ಗಾಜು ಒರೆಸಿ ನೋಡಿ. ದಾರಿ ಮಾಡಿದರೆ ಸ್ಕೂಟರಿನವರು ನುಗ್ಗುತ್ತಾರೆ? ನುಗ್ಗುತ್ತಾರೆ. 2020ರಲ್ಲಿ ಇದೇ ಊರಿನ ಹಿರಿಯ ಹೆಂಗಸೊಬ್ಬರು ಕೆನಾಲ್ ರಸ್ತೆಯ ಫುಟ್‌ಪಾತಿನ ಮೇಲೆ ಅಡ್ಡ ನಿಂತು ಸ್ಕೂಟರಿನವರನ್ನು ಹಿಂದಕ್ಕೆ ಕಳಿಸಿದ ವಿಡಿಯೋ ನಾವೆಲ್ಲ ಫಾರ್ವರ್ಡ್ ಮಾಡಿದ್ದೆವು. ಪ್ರತಿ ಫುಟ್‌ಪಾತಿಗೂ ಒಬ್ಬ ಅಜ್ಜಿಯನ್ನು ನಿಲ್ಲಿಸಲಾಗದು. ಗೂಟ ನೆಡಬಹುದು, ದಂಡ ಹಾಕಬಹುದು. ದೇಶದಲ್ಲಿ 2022ರ ಒಂದೇ ವರ್ಷ ರಸ್ತೆಯಲ್ಲಿ ಸತ್ತ ಪಾದಚಾರಿಗಳು 32 ಸಾವಿರಕ್ಕೂ ಹೆಚ್ಚು. ಅಡ್ಡಿಯಿಲ್ಲದ ಫುಟ್‌ಪಾತು ಜೀವಿಸುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟು 2025ರ ಮೇ ತಿಂಗಳಲ್ಲಿ ಹೇಳಬೇಕಾಗಿ ಬಂತು.

ಗಟ್ಟಿಯಾದ ಆಕ್ಷೇಪ ಎತ್ತಿದವಳು ನನ್ನ ಹೆಂಡತಿ. "ಏಳು ಗಂಟೆ ಮ್ಯಾಲೆ ಆ ದಾರ್‍ಯಾಗ ನೀವು ಹೋಗ್ತೀರಿ, ನಾ ಹೋಗಂಗಿಲ್ಲ." ಇದಕ್ಕೆ ನನ್ನ ಹತ್ತಿರ ಜಾಣತನದ ಉತ್ತರವಿಲ್ಲ. ದೀಪ ಬೇಕು, ಐವತ್ತು ನೂರು ಮೀಟರಿಗೆ ಹೊರಬರುವ ಬಾಗಿಲು ಬೇಕು, ಮುಖ್ಯವಾಗಿ ಜನ ಬೇಕು. ಬೀಗ ಹಾಕಿ ನಾವು ಮಾಡಿದ್ದು ಜನ ಕಡಿಮೆ ಮಾಡುವ ಕೆಲಸ. ಮೊದಲು ಸಂಜೆ ಎಂಟರವರೆಗೆ ಓಡಾಟ ಇರುತ್ತಿತ್ತು, ಈಗ ಆರೂವರೆಗೇ ಕುಡಿಯುವವರು ಬಂದು ಕೂರುತ್ತಾರೆ. ಭದ್ರತೆಗೆಂದು ಹಾಕಿದ ಬೀಗ ದಾರಿಯನ್ನು ಇನ್ನಷ್ಟು ಅಭದ್ರ ಮಾಡಿತು, ಆಮೇಲೆ ಅದೇ ಅಭದ್ರತೆ ಬೀಗಕ್ಕೆ ಸಮರ್ಥನೆಯಾಯಿತು. ಹೆಂಡತಿ ಪೂರ್ತಿ ಒಪ್ಪಿಲ್ಲ. ದೀಪ ಬಂದ ಮೇಲೆ ಹೇಳ್ತೀನಿ ಅಂದಿದ್ದಾಳೆ.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ತಂದೆಯನ್ನು ಕರೆದುಕೊಂಡು ಉಣಕಲ್ ನಾಲಾದ ಕಡೆ ಹೋಗಿದ್ದೆ. ನಾವು ಬಿವಿಬಿ ಕಾಲೇಜಿನಲ್ಲಿ ಓದುವಾಗ ಮೂಗು ಮುಚ್ಚಿಕೊಂಡು ದಾಟುತ್ತಿದ್ದ ಗಟಾರ ಅದು. ಕೇಂದ್ರದ ಒಂದು ಸ್ಪರ್ಧೆಯಲ್ಲಿ 2019ರಲ್ಲಿ ಆಯ್ಕೆಯಾಗಿ, ಫ್ರಾನ್ಸಿನ ಅಭಿವೃದ್ಧಿ ಸಂಸ್ಥೆಯ ನೆರವೂ ಸೇರಿ, ಅದರ ದಂಡೆಗುಂಟ ನಡೆಯುವ ಮತ್ತು ಸೈಕಲ್ಲಿನ ಹಸಿರು ಹಾದಿ ಮಾಡುತ್ತಿದ್ದಾರೆ. ನಾವು ನೋಡಿದ ತುಂಡು ಚೆನ್ನಾಗಿದೆ. ತಂದೆ ಕೋಲೂರಿ ಕೊನೆಯವರೆಗೆ ನಡೆದರು. ತುದಿಗೆ ಹೋಗಿ ನಿಂತು, "ಮುಂದ?" ಅಂದರು. ಎಪ್ಪತ್ತೆಂಟು ವಯಸ್ಸಿನ ನಿವೃತ್ತ ಮಾಸ್ತರರಿಗೆ ಹೊಳೆದ ಈ ಒಂದು ಶಬ್ದದ ಪ್ರಶ್ನೆಯನ್ನು ಪ್ರತಿ ಕಾಮಗಾರಿಯ ಉದ್ಘಾಟನೆಯ ದಿನ ರಿಬ್ಬನ್ ಕತ್ತರಿಸುವವರಿಗೆ ಯಾರಾದರೂ ಕೇಳಬೇಕು.

ಆದರೆ ಪಾಲಿಕೆಗೆ ಅದನ್ನು ಕೇಳುವ ಮುಖ ನಮಗಿದೆಯೇ? ಬಾಣೇರ್, ಬಾಲೇವಾಡಿ, ವಾಕಡ್‌ನ ನಮ್ಮ ಸೊಸೈಟಿಗಳ ನಕ್ಷೆ ತೆಗೆದು ನೋಡಿ. ಒಂದೊಂದರ ಒಳಗೂ ಮುನ್ನೂರು ಮೀಟರಿನ ಜಾಗಿಂಗ್ ಟ್ರ್ಯಾಕು. ಅದರಲ್ಲಿ ಗಾಣದ ಎತ್ತಿನಂತೆ ಸುತ್ತಿ ಕೈಗಡಿಯಾರಕ್ಕೆ ಹತ್ತು ಸಾವಿರ ಹೆಜ್ಜೆ ಒಪ್ಪಿಸುತ್ತೇವೆ. ಒಂದಕ್ಕೊಂದು ಅಂಟಿಕೊಂಡ ಎರಡು ಸೊಸೈಟಿಗಳ ನಡುವೆ ಎಂಟಡಿ ಗೋಡೆ, ಮೇಲೆ ಮುಳ್ಳುತಂತಿ. ಹತ್ತು ಸೊಸೈಟಿಗಳು ತಂತಮ್ಮ ಹಿಂದಿನ ಗೇಟು ಹಗಲು ಹೊತ್ತು ತೆರೆದರೆ ಸಾಕು, ಪಾಲಿಕೆಯ ಒಂದು ಇಟ್ಟಿಗೆಯೂ ಬೇಡ, ಒಂದು ಇಡೀ ಬಡಾವಣೆ ಮುಖ್ಯರಸ್ತೆಗೆ ಕಾಲಿಡದೆ ಶಾಲೆಗೆ, ಸಂತೆಗೆ, ಕೆರೆಗೆ ಹೋಗಿ ಬರಬಹುದು. ಈ ಊರಿಗೆ ನಾವು ಹೊರಗಿನಿಂದ ಬಂದವರು; ಬಂದವರೇ ಅದರ ಹಳೆಯ ಕಾಲುದಾರಿಗಳಿಗೆ ಅಡ್ಡಗೋಡೆ ಕಟ್ಟಿ, ಆಮೇಲೆ ಪುಣೆಯ ಟ್ರಾಫಿಕ್ ಬಹಳ ಕೆಟ್ಟಿದೆಯಪ್ಪ ಎಂದು ಊರಿಗೆ ಫೋನು ಮಾಡುತ್ತೇವೆ.

ಈ ಸಲದ ವಾರ್ಷಿಕ ಸಭೆಗೆ ನಾನು ಹೊಸ ಠರಾವು ಕೊಟ್ಟಿದ್ದೇನೆ. ಹಿಂದಿನ ಗೇಟು ಬೆಳಿಗ್ಗೆ 6ರಿಂದ ರಾತ್ರಿ 9ರವರೆಗೆ ತೆರೆದಿರಬೇಕು, ಒಬ್ಬ ಕಾವಲುಗಾರ, ಎರಡು ದೀಪ. ಕಾವಲುಗಾರನಿಗೆ ತಿಂಗಳಿಗೆ 18,000 ರೂಪಾಯಿ. 140 ಫ್ಲ್ಯಾಟಿಗೆ ಹಂಚಿದರೆ ತಲಾ 130ಕ್ಕಿಂತ ಕಡಿಮೆ. ಹಿಂದಿನ ಠರಾವು ಬರೆದವನೇ ನಾನಾದ್ದರಿಂದ ವಾಟ್ಸಾಪ್ ಗುಂಪಿನಲ್ಲಿ ಅದರ ವಾಕ್ಯಗಳನ್ನೇ ನನ್ನ ಮುಖಕ್ಕೆ ಎಸೆಯುತ್ತಿದ್ದಾರೆ. ಚೆನ್ನಾಗಿಯೇ ಬರೆದಿದ್ದೆ, ಉತ್ತರಿಸುವುದು ಕಷ್ಟವಾಗಿದೆ. ನಿನ್ನೆ ರಾತ್ರಿಯವರೆಗಿನ ಲೆಕ್ಕದಲ್ಲಿ ನನ್ನ ಕಡೆ 19. ಈ ಪತ್ರಿಕೆ ಓದುವ ನಾಲ್ಕು ಮನೆಗಳು ನಮ್ಮ ಸೊಸೈಟಿಯಲ್ಲೇ ಇವೆ, ನನಗೆ ಗೊತ್ತಿದೆ. ಕಳೆದ ಸಲ ನೀವೂ ಕೈ ಎತ್ತಿದ್ದಿರಿ. ಸಭೆ ಮುಂದಿನ ಭಾನುವಾರ ಹನ್ನೊಂದಕ್ಕೆ, ಕ್ಲಬ್‌ಹೌಸಿನಲ್ಲಿ. ಪ್ರಾಕ್ಸಿ ಮತ ನಡೆಯುವುದಿಲ್ಲ, ಖುದ್ದಾಗಿ ಬರಬೇಕು.